ಫೋನಿನಲ್ಲೂ ಕೈ ಯಾಕೆ ಆಡುತ್ತದೆ?

ಪ್ರಶ್ನೆ: ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ದಿನವೂ ನೋಡುತ್ತೇನೆ. ಮೊಬೈಲ್ ಕಿವಿಗಿಟ್ಟುಕೊಂಡವರು ಇನ್ನೊಂದು ಕೈಯಲ್ಲಿ ಎತ್ತರ ತೋರಿಸುತ್ತಾರೆ, ‘ಬೇಡ ಬೇಡ’ ಎಂದು ಕೈಯಾಡಿಸುತ್ತಾರೆ. ನಾನೂ ಹಾಗೆಯೇ. ಆ ಕಡೆಯವರಿಗೆ ಕಾಣದ ಸನ್ನೆ ಯಾರಿಗಾಗಿ?

ಉತ್ತರ: ಆ ಕಡೆಯವರಿಗೂ ಹೌದು, ನಿಮಗೂ ಹೌದು. ಮನಶ್ಶಾಸ್ತ್ರಜ್ಞೆ ಜಾನೆಟ್ ಬವೆಲಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಕಾಲದ ಉಡುಪಿನ ಚಿತ್ರವೊಂದನ್ನು ಜನರು ವರ್ಣಿಸಬೇಕಿತ್ತು. ಕೆಲವರು ಎದುರುಬದುರು ಕುಳಿತು, ಕೆಲವರು ಫೋನಿನಲ್ಲಿ, ಕೆಲವರು ಬರೀ ಧ್ವನಿಮುದ್ರಣ ಯಂತ್ರದ ಮುಂದೆ. ಫೋನಿನಲ್ಲಿ ಸನ್ನೆಗಳು ಚಿಕ್ಕದಾದವು, ನಿಲ್ಲಲಿಲ್ಲ. ಯಂತ್ರದ ಮುಂದೆ ಕಡಿಮೆಯಾದವು. ಕೇಳುವ ಜೀವವೊಂದು ಇದೆ ಎಂಬ ಅರಿವಿಗೇ ಕೈ ಏಳುತ್ತದೆ.

ಬರೀ ನೋಡಿ ಕಲಿತ ಅಭ್ಯಾಸವೂ ಇದಲ್ಲ. ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳು, ಕೇಳುವವರಿಗೂ ಕಾಣದೆಂದು ಗೊತ್ತಿದ್ದರೂ ಮಾತಿನ ಜೊತೆ ಕೈಯಾಡಿಸುತ್ತಾರೆಂದು 1998ರಲ್ಲಿ ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ತೋರಿಸಿದರು. 2001ರ ಇನ್ನೊಂದು ಪ್ರಯೋಗದಲ್ಲಿ ಜನರು ಒಂದು ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕವೊಂದನ್ನು ವಿವರಿಸಬೇಕಿತ್ತು. ಕೈಯಾಡಿಸುತ್ತಾ ವಿವರಿಸಿದಾಗ ಪಟ್ಟಿ ಹೆಚ್ಚು ನೆನಪಿನಲ್ಲಿ ಉಳಿಯಿತು. ತಲೆಯ ಭಾರವನ್ನು ಕೈ ಅಷ್ಟಿಷ್ಟು ಹೊರುತ್ತದೆ. ಆದ್ದರಿಂದಲೇ ‘ಕೈಕಟ್ಟಿ ನಿಂತು ಹೇಳು’ ಎಂದು ಮಕ್ಕಳನ್ನು ಗದರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೈ ಏಳುವುದು ಎಲ್ಲರಿಗೂ ಉಂಟು. ಅದು ತಳೆಯುವ ರೂಪ ಮಾತ್ರ ಆಯಾ ಮನೆಯದು, ಊರಿನದು. ಮಗುವಿನ ಮುಖ ನೀವಿ, ತನ್ನ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿಯುವ ಅಜ್ಜಿಯ ಅಕ್ಕರೆಗೆ ಬೇರೆ ಮಾತೇ ಬೇಕಿಲ್ಲ.

ಕಳೆದ ಸಂಕ್ರಾಂತಿಯಂದು ಬಸವನಗುಡಿಯ ದೊಡ್ಡಮ್ಮನ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದ ದೋಸೆಯ ಮಾತು ಬಂತು. ಹೇಳುತ್ತಾ ಹೇಳುತ್ತಾ ಅಮ್ಮನ ಬಲಗೈ ಗಾಳಿಯಲ್ಲಿ ಒರಳಿನ ಗುಂಡು ತಿರುಗಿಸತೊಡಗಿತು. ಎದುರಿಗಿದ್ದ ದೊಡ್ಡಮ್ಮ ತಮಗೇ ಅರಿವಿಲ್ಲದೆ ಬಾಗಿ, ಬೆರಳು ಮಡಚಿ, ಅಂಚಿಗೆ ಬಂದ ಹಿಟ್ಟನ್ನು ಒಳಕ್ಕೆ ತಳ್ಳಿದರು. ಅಮ್ಮನ ಕೈ ಸುತ್ತಿ ಬರುವಷ್ಟರಲ್ಲಿ ದೊಡ್ಡಮ್ಮನ ಬೆರಳು ಸರಿಯಾಗಿ ಹಿಂದೆ ಸರಿಯುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಒರಳಿನ ಮುಂದೆ ಹಾಗೆಯೇ ಕೂರುತ್ತಿದ್ದರಂತೆ. ನಾಲ್ಕು ಸುತ್ತಿನ ಹೊತ್ತಿಗೆ ಮಾತು ನಿಂತಿತ್ತು, ಇಬ್ಬರ ಕಣ್ಣೂ ತುಂಬಿತ್ತು.

ಗ್ರೈಂಡರ್ ಮಾತ್ರ ನೋಡಿ ಬೆಳೆದ ಅಣ್ಣನ ಮಗಳು ‘ಅದೇನಜ್ಜಿ?’ ಎಂದಳು. ಅಮ್ಮ ಅವಳ ಕೈ ಹಿಡಿದು, ಗುಂಡಿನ ತಲೆಯಷ್ಟು ಅಗಲಕ್ಕೆ ಬೆರಳು ಬಿಡಿಸಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿದರು.