ಗಾಳಿ ಇಲ್ಲದ ಚಂದ್ರನ ಮೇಲೆ ಬಾವುಟ ಅಲ್ಲಾಡಿದ್ದು ಹೇಗೆ?

ಪ್ರಶ್ನೆ: ಮನುಷ್ಯ ಚಂದ್ರನ ಮೇಲೆ ಇಳಿದಿದ್ದು ನಿಜಾನಾ ಸಾರ್? ಅಲ್ಲಿ ಗಾಳಿ ಇಲ್ಲ ಅಂತ ನೀವೇ ಪಾಠ ಮಾಡ್ತೀರಿ. ಹಾಗಾದ್ರೆ ವಿಡಿಯೋದಲ್ಲಿ ಬಾವುಟ ಅಲ್ಲಾಡೋದು ಹೇಗೆ?

ಮೂವತ್ತು ವರ್ಷ ಚಿತ್ರದುರ್ಗದಲ್ಲಿ ವಿಜ್ಞಾನ ಪಾಠ ಮಾಡಿದ್ದೇನೆ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ತರಗತಿಯಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ, ಬಿ.ಡಿ. ರಸ್ತೆಯ ಔಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆ ತಗೊಳ್ಳುವಾಗಲೂ ಕೇಳಿದ್ದಾರೆ. "ಮೇಷ್ಟ್ರೇ, ಹೋಗಿದ್ರಾ ಇಲ್ವಾ? ಒಂದೇ ಮಾತಲ್ಲಿ ಹೇಳಿ." ಒಂದೇ ಮಾತಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಹೋಗಿದ್ದರು. ಅಮೆರಿಕದವರು ಅಪೊಲೊ ಅನ್ನೋ ಹೆಸರಿನ ಯಾನಗಳಲ್ಲಿ 1969ರ ಜುಲೈಯಿಂದ 1972ರ ಡಿಸೆಂಬರ್ ಒಳಗೆ ಆರು ಸಲ ಇಳಿದರು. ಒಟ್ಟು 12 ಜನ ಅಲ್ಲಿ ಓಡಾಡಿದರು. ಇನ್ನು ಬಾವುಟಕ್ಕೆ ಬರೋಣ.

ಗಾಳಿಗೆ ಹಾರುವ ಬಾವುಟ ಹೇಗಿರುತ್ತೆ ಅಂತ ದುರ್ಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರೋದು ಸುಮ್ನೆ ಅಲ್ಲ. ಆಗಸ್ಟ್ 15ರ ಬೆಳಗ್ಗೆ ಶಾಲೆ ಮೈದಾನ ನೆನಪಿಸಿಕೊಳ್ಳಿ. ಹಗ್ಗ ಎಳೆದು ಬಾವುಟ ಬಿಚ್ಚಿಕೊಂಡ ತಕ್ಷಣ ಪಟಪಟ ಸದ್ದು. ಹಗ್ಗ ಕಂಬಕ್ಕೆ ಟಕ್ ಟಕ್ ಅಂತ ಬಡಿಯುತ್ತೆ. ಬಟ್ಟೆಯ ಮೇಲೆ ಅಲೆ ಕಂಬದ ಕಡೆಯಿಂದ ಹುಟ್ಟಿ ತುದಿಯ ಕಡೆ ಓಡುತ್ತಲೇ ಇರುತ್ತೆ. ಗಾಳಿ ನಿಂತರೆ ಬಾವುಟ ಕಂಬಕ್ಕೆ ಜೋತು ಬೀಳುತ್ತೆ. ಬಣ್ಣ ಕೂಡ ಸರಿಯಾಗಿ ಕಾಣೋದಿಲ್ಲ.

ಚಂದ್ರನ ಮೇಲೆ ಹೀಗೆ ಜೋತು ಬೀಳುತ್ತೆ ಅಂತ ಅದನ್ನು ಮಾಡಿದವರಿಗೆ ಮೊದಲೇ ಗೊತ್ತಿತ್ತು. ಗಾಳಿ ಇಲ್ಲ ಅಂದಮೇಲೆ ಬೇರೇನು ಆಗುತ್ತೆ? ಅದಕ್ಕೇ ಬಾವುಟದ ಮೇಲಂಚಿನಲ್ಲಿ ತೂರಿಸುವ ಒಂದು ಅಡ್ಡ ಸರಳು ಕೊಟ್ಟಿದ್ದರು. ಮನೆಯಲ್ಲಿ ಕಿಟಕಿ ಪರದೆಯನ್ನು ಸರಳಿಗೆ ತೂರಿಸುತ್ತೀವಲ್ಲ, ಹಾಗೇ. ಮೂರು ಅಡಿ ಅಗಲ, ಐದು ಅಡಿ ಉದ್ದದ ನೈಲಾನ್ ಬಟ್ಟೆ ಅದು. ಒಳಗಿನಿಂದ ಎಳೆದು ಉದ್ದ ಮಾಡುವಂಥ ಸರಳು. ಮೊದಲ ಸಲ, ಅಪೊಲೊ 11ರಲ್ಲಿ, ಇಳಿದ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಎಳೆದಾಗ ಅದು ಪೂರ್ತಿ ಉದ್ದಕ್ಕೆ ಬರಲಿಲ್ಲ. ಬಟ್ಟೆ ಅಲ್ಲಲ್ಲಿ ನೆರಿಗೆ ಬಿದ್ದು ನಿಂತಿತು. ಆ ನೆರಿಗೆಯನ್ನೇ ಜನ ಗಾಳಿಯ ಅಲೆ ಅಂದುಕೊಂಡಿದ್ದಾರೆ.

ಅದು ನೆರಿಗೆಯೋ ಅಲೆಯೋ ಅಂತ ನೀವೇ ಪರೀಕ್ಷೆ ಮಾಡಬಹುದು. ಆಲ್ಡ್ರಿನ್ ಬಾವುಟಕ್ಕೆ ಸೆಲ್ಯೂಟ್ ಹೊಡೆಯುವ ಫೋಟೋ ಎರಡಿವೆ. ಕೆಲವೇ ಸೆಕೆಂಡ್ ಅಂತರದಲ್ಲಿ ತೆಗೆದದ್ದು. ಎರಡನ್ನೂ ಮೊಬೈಲ್‌ನಲ್ಲಿ ಒಂದಾದ ಮೇಲೊಂದು ಸರಿಸಿ ನೋಡಿ. ಮನುಷ್ಯನ ಕೈ, ಮೈ ಸ್ವಲ್ಪ ಬದಲಾಗಿದೆ. ಬಾವುಟದ ಒಂದೊಂದು ನೆರಿಗೆಯೂ ಇದ್ದಲ್ಲೇ ಇದೆ. ನಮ್ಮೂರ ಗಾಳಿಯಲ್ಲಿ ಅಂಥ ಎರಡು ಫೋಟೋ ತೆಗೆದು ತೋರಿಸಿ, ಆಮೇಲೆ ಮಾತಾಡೋಣ.

"ಫೋಟೋ ಬಿಡಿ ಸಾರ್, ವಿಡಿಯೋದಲ್ಲಿ ಅಲ್ಲಾಡಿದ್ದು ನಾನೇ ನೋಡಿದೀನಿ" ಅನ್ನುತ್ತಾರೆ. ನೋಡಿದ್ದು ಸರಿ. ಅಲ್ಲಾಡಿದೆ. ಆದರೆ ಯಾವಾಗ ಅಲ್ಲಾಡಿತು ಅಂತ ನೋಡಿದ್ರಾ? ಕಂಬವನ್ನು ನೆಲಕ್ಕೆ ತಿರುಚಿ ತಿರುಚಿ ಇಳಿಸುವಾಗ. ಅಲ್ಲಿನ ನೆಲ ಮೇಲೆ ಹಿಟ್ಟಿನಂಥ ಪುಡಿ, ಕೆಳಗೆ ಗಟ್ಟಿ. ಕಂಬ ಕೆಲವೇ ಅಂಗುಲ ಇಳಿಯಿತು. ಅಷ್ಟಕ್ಕೆ ಬಹಳ ತಿರುಗಿಸಬೇಕಾಯಿತು. ಕೋಲು ತಿರುಗಿದರೆ ಅದಕ್ಕೆ ಕಟ್ಟಿದ ಬಟ್ಟೆ ಅಲ್ಲಾಡದೆ ಇರುತ್ತಾ?

ಇದನ್ನು ನಾನು ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಕಸಬರಿಗೆಯ ಉದ್ದ ಕೋಲು, ಅದರ ತುದಿಗೆ ಅಡ್ಡಲಾಗಿ ಒಂದು ಗಿಡ್ಡ ಕೋಲು, ಸುತಲಿ ದಾರದಿಂದ ಬಿಗಿಯಾಗಿ ಕಟ್ಟೋದು. ಅಡ್ಡ ಕೋಲಿಗೆ ಒಂದು ಟವೆಲ್ ಹೊಲಿಯೋದು. ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಕೋಲನ್ನು ಎಡಕ್ಕೆ ಬಲಕ್ಕೆ ತಿರುಚೋದು. ಟವೆಲ್‌ನ ಕೆಳಗಿನ ಮೂಲೆ ತೊಟ್ಟಿಲಿನ ಹಾಗೆ ತೂಗುತ್ತೆ. ಒಂದು ಸಲ ನಾನು ಕೈ ನಿಲ್ಲಿಸಿದ ಮೇಲೆ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನೀವು ನಿಲ್ಸಿದ್ರೂ ಅದು ನಿಂತಿಲ್ಲ" ಅಂದಳು. ಆ ವರ್ಷ ನನಗೆ ತುಂಬ ಖುಷಿ ಕೊಟ್ಟ ಮಾತು ಅದು. ವಿಷಯ ಇರೋದೇ ಅಲ್ಲಿ.

ಇಲ್ಲಿ ಟವೆಲ್ ಮೂರು ನಾಲ್ಕು ತೂಗಿಗೆ ನಿಂತುಬಿಡುತ್ತೆ. ಅದನ್ನು ನಿಲ್ಲಿಸೋದರಲ್ಲಿ ದೊಡ್ಡ ಪಾಲು ಕೋಣೆಯ ಗಾಳಿಯದು. ಅಗಲವಾದ ಬಟ್ಟೆ ಗಾಳಿಯನ್ನು ತಳ್ಳಿಕೊಂಡೇ ಹೋಗಬೇಕಲ್ವಾ? ಚಂದ್ರನ ಮೇಲೆ ತಡೆಯೋಕೆ ಗಾಳಿಯೇ ಇಲ್ಲ. ಅದಕ್ಕೇ ಬಾವುಟ ಜಾಸ್ತಿ ಹೊತ್ತು ತೂಗಿತು. ಜೊತೆಗೆ ಚಂದ್ರನ ಸೆಳೆತ ನಮ್ಮ ಭೂಮಿಯದರಲ್ಲಿ ಆರನೇ ಒಂದು ಪಾಲು. ಇಲ್ಲಿ ಒಂದು ಸೆಕೆಂಡಿಗೆ ಮುಗಿಯುವ ತೂಗಾಟ ಅಲ್ಲಿ ಸುಮಾರು ಎರಡೂವರೆ ಸೆಕೆಂಡ್ ತಗೊಳ್ಳುತ್ತೆ. ಅಂದರೆ ಆ ಬಾವುಟ ಅಲ್ಲಾಡಿದ ರೀತಿಯೇ ಅಲ್ಲಿ ಗಾಳಿ ಇರಲಿಲ್ಲ ಅಂತ ಹೇಳುತ್ತೆ. ಜನ ಅದನ್ನು ತಿರುಗಾಮುರುಗಾ ಹಿಡಿದುಕೊಂಡಿದ್ದಾರೆ.

ಇಷ್ಟು ಹೇಳಿದರೂ ತಲೆ ಅಲ್ಲಾಡಿಸುವವರಿಗೆ ನಾನು ಹೇಳೋದು ಒಂದೇ: ಬಾವುಟ ಬಿಡಿ, ಧೂಳು ನೋಡಿ. ಬೇಸಿಗೆಯಲ್ಲಿ ಚಳ್ಳಕೆರೆ ಕಡೆ ಖಾಲಿ ಶೇಂಗಾ ಹೊಲದಲ್ಲಿ ಟ್ರ್ಯಾಕ್ಟರ್ ಹೋದರೆ ಏನಾಗುತ್ತೆ? ಹಿಂದೆ ಕೆಂಧೂಳಿನ ಗೋಡೆ ಏಳುತ್ತೆ. ಟ್ರ್ಯಾಕ್ಟರ್ ಊರು ಸೇರಿದರೂ ಧೂಳು ಇನ್ನೂ ಹೊಲದ ಮೇಲೆ ತೇಲುತ್ತಾ ಇರುತ್ತೆ. ಅದನ್ನು ಎತ್ತಿ ಹಿಡಿದಿರೋದು ಗಾಳಿ. ಈಗ 1972ರ ಏಪ್ರಿಲ್‌ನಲ್ಲಿ ಅಪೊಲೊ 16ರವರು ತೆಗೆದ ವಿಡಿಯೋ ನೋಡಿ. ಜಾನ್ ಯಂಗ್ ಚಂದ್ರನ ಮೇಲೆ ರೋವರ್ ಗಾಡಿ ಓಡಿಸುತ್ತಾರೆ, ಚಾರ್ಲ್ಸ್ ಡ್ಯೂಕ್ ಚಿತ್ರೀಕರಿಸುತ್ತಾರೆ. ಚಕ್ರದಿಂದ ಚಿಮ್ಮಿದ ಪುಡಿ ಕಾರಂಜಿ ನೀರಿನ ಹಾಗೆ ಬಿಲ್ಲಿನಂತೆ ಬಾಗಿ ಏರುತ್ತೆ, ಹಾಗೇ ಬಾಗಿ ನೆಲಕ್ಕೆ ಬೀಳುತ್ತೆ. ಮೋಡ ಕಟ್ಟೋದಿಲ್ಲ. ಒಂದು ಚಿಟಿಕೆ ಕೂಡ ತೇಲೋದಿಲ್ಲ.

ಸ್ಟುಡಿಯೋದಲ್ಲಿ ಗಾಳಿ ಬೀಸಿ ಬಾವುಟ ಹಾರಿಸಿದ್ದರೆ, ಅದೇ ಗಾಳಿ ಈ ಧೂಳನ್ನು ಯಾಕೆ ಬಿಟ್ಟಿತು? "ಸ್ಲೋ ಮೋಷನ್ ಮಾಡಿರ್ತಾರೆ" ಅಂತಾರೆ. ಸ್ಲೋ ಮೋಷನ್ ಮಾಡಿದರೆ ತೇಲುವ ಧೂಳು ಇನ್ನೂ ನಿಧಾನವಾಗಿ ತೇಲುತ್ತೆ, ಅಷ್ಟೇ. ತೇಲೋದು ನಿಲ್ಲೋದಿಲ್ಲ. ಗಾಡಿ ಓಡಿಸುವಷ್ಟು ದೊಡ್ಡ ಮೈದಾನದಿಂದ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕು. ಅಂಥ ಕಟ್ಟಡ ಆವಾಗ ಎಲ್ಲೂ ಇರಲಿಲ್ಲ.

ಉಳಿದ ಅನುಮಾನಗಳಿಗೆ ಇಷ್ಟು ಹೊತ್ತು ಬೇಕಾಗಿಲ್ಲ. ಫೋಟೋದಲ್ಲಿ ನಕ್ಷತ್ರ ಯಾಕಿಲ್ಲ? ರಾತ್ರಿ ದೀಪ ಝಗಝಗ ಉರಿಯೋ ಹೋಟೆಲ್ ಮುಂದೆ ನಿಂತವರ ಫೋಟೋ ತೆಗೆಯಿರಿ, ಹಿಂದಿನ ಆಕಾಶ ಬರೀ ಕಪ್ಪಗೆ ಬರುತ್ತೆ. ಅಪೊಲೊದವರು ಇಳಿದಿದ್ದು ಚಂದ್ರನ ಹಗಲಿನಲ್ಲಿ. ಬಿಸಿಲಲ್ಲಿ ಹೊಳೆಯೋ ನೆಲಕ್ಕೆ, ಬಿಳಿ ಬಟ್ಟೆಗೆ ಕ್ಯಾಮೆರಾ ಹೊಂದಿಸಿದರೆ ಮಂಕು ನಕ್ಷತ್ರ ಮೂಡೋದಿಲ್ಲ. ನಕ್ಷತ್ರ ತೆಗೆಯಬೇಕು ಅಂತಲೇ ಅಪೊಲೊ 16ರಲ್ಲಿ ಜಾರ್ಜ್ ಕಾರುದರ್ಸ್ ಅವರು ಮಾಡಿದ ಬೇರೆ ಕ್ಯಾಮೆರಾ ಒಯ್ದಿದ್ದರು. ಅದರಲ್ಲಿ ನಕ್ಷತ್ರಗಳು ಬಂದಿವೆ.

ಅಲ್ಲಿಂದ ತಂದ ಕಲ್ಲು, ಮಣ್ಣು 382 ಕೆ.ಜಿ. ಸೋವಿಯತ್ ರಷ್ಯಾದ ಮೂರು ಯಂತ್ರಗಳು ಸೇರಿ ತಂದಿದ್ದು ಅರ್ಧ ಕೆ.ಜಿ.ಯೂ ಇಲ್ಲ. ಎರಡನ್ನೂ ಹೋಲಿಸಿ ನೋಡಿದವರಿದ್ದಾರೆ. ಅಪೊಲೊ ಮಣ್ಣು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಬಂದಿತ್ತು. ದೇವೇಂದ್ರ ಲಾಲ್ ಅವರ ತಂಡ ಆ ಕಣಗಳಲ್ಲಿ ಆಕಾಶದ ಕಿರಣಗಳು ಕೊರೆದ ಸಣ್ಣ ಗೆರೆಗಳನ್ನು ಪರೀಕ್ಷಿಸಿತು. ನಮ್ಮವರೇ ಕೈಯಾರೆ ನೋಡಿದ ಮಣ್ಣು ಅದು. ಅಪೊಲೊ 11, 14, 15ರವರು ಇಟ್ಟುಬಂದ ಕನ್ನಡಿಗಳಿಗೆ ಇವತ್ತಿಗೂ ಭೂಮಿಯಿಂದ ಲೇಸರ್ ಬಿಡುತ್ತಾರೆ. ಬೆಳಕು ಹೋಗಿ ಬರೋಕೆ ಸುಮಾರು ಎರಡೂವರೆ ಸೆಕೆಂಡ್. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಅನ್ನೋ ಲೆಕ್ಕ ಸಿಕ್ಕಿದ್ದು ಹೀಗೆ ಅಳೆದೇ.

ಮತ್ತೆ ಯಾಕೆ ಹೋಗಲಿಲ್ಲ ಅಂದರೆ, ದುಡ್ಡು. ರಷ್ಯಾವನ್ನು ಹಿಂದೆ ಹಾಕಬೇಕು ಅನ್ನೋ ಹಟ ತೀರಿದ ಮೇಲೆ ಅಮೆರಿಕ ಅಷ್ಟು ಖರ್ಚು ಮಾಡಲು ಒಪ್ಪಲಿಲ್ಲ. ರಷ್ಯಾದವರು ಆಗ ಕಿವಿಗೊಟ್ಟು ಕೂತಿದ್ದರು ಅನ್ನೋದನ್ನೂ ಮರೆಯಬೇಡಿ. ಸುಳ್ಳಾಗಿದ್ದರೆ ಮೊದಲು ಕೂಗುತ್ತಿದ್ದವರು ಅವರೇ.

ಇನ್ನೊಂದು ಮಾತು ನನ್ನ ಮನಸ್ಸಿಗೆ ಹತ್ತಿರದ್ದು. ಚಂದ್ರಯಾನ-2ರ ಲ್ಯಾಂಡರ್‌ಗಾಗಿ ಇಸ್ರೋದವರು ನಮ್ಮ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಳಿಗಳನ್ನು ತೋಡಿ ಪರೀಕ್ಷೆ ಮಾಡಿದರು. ನಮ್ಮ ಜಿಲ್ಲೆಯ ನೆಲದಲ್ಲಿ! ಆ ಚಂದ್ರಯಾನ-2ರ ಆರ್ಬಿಟರ್ ಈಗಲೂ ಚಂದ್ರನ ಸುತ್ತ ತಿರುಗುತ್ತಿದೆ. ಅದು ತೆಗೆದ ಚಿತ್ರದಲ್ಲಿ ಅಪೊಲೊ 11 ಬಿಟ್ಟುಬಂದ ಲ್ಯಾಂಡರ್‌ನ ಕೆಳಭಾಗ ಕಾಣುತ್ತೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದಾಗ ಟಿವಿ ಮುಂದೆ ಚಪ್ಪಾಳೆ ತಟ್ಟಿದವರು ಇದನ್ನೂ ಒಮ್ಮೆ ನೋಡಬೇಕು.

ಇಷ್ಟು ಬರೆಯುವಾಗ ಯಾರೂ ಕೇಳದ ಒಂದು ಪ್ರಶ್ನೆ ನನಗೇ ಹೊಳೆಯಿತು. 1969ರಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಅಲ್ಲಿ ನಡೆದಾಡುವಾಗ ಚಂದ್ರ ನಮ್ಮ ದುರ್ಗದ ಆಕಾಶದಲ್ಲಿ ಇದ್ದನಾ?

ನನಗಾಗ ಒಂಬತ್ತು ವರ್ಷ. ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಸುದ್ದಿ ಬಂದದ್ದು ರೇಡಿಯೋದಲ್ಲಿ. ಆ ಸಂಜೆ ಅಪ್ಪ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಬಂದರು. ಮೋಡದ ಸಂದಿಯಲ್ಲಿ ಚಂದ್ರನನ್ನು ತೋರಿಸಿ, "ನೋಡೋ, ಅಲ್ಲಿ ಇಬ್ರು ಅದಾರೆ" ಅಂದರು. ದೊಡ್ಡವನಾದ ಮೇಲೆ ನನಗೆ ಅನುಮಾನ ಬಂತು. ನಡೆದಾಡಿದ್ದು ಬೆಳಗ್ಗೆ ಅಲ್ವಾ? ಅಪ್ಪ ಸುಮ್ನೆ ಹೇಳಿದರಾ?

ಲೆಕ್ಕ ಹಾಕಿದೆ. ಅದು ಶುಕ್ಲ ಪಕ್ಷದ ಷಷ್ಠಿ-ಸಪ್ತಮಿಯ ಚಂದ್ರ. ಜುಲೈ 20ರ ರಾತ್ರಿ ನಮ್ಮಲ್ಲಿ ಹನ್ನೊಂದರ ಹೊತ್ತಿಗೇ ಮುಳುಗಿದ್ದ. ಲ್ಯಾಂಡರ್ ಇಳಿದಾಗ ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿ 1 ಗಂಟೆ 47 ನಿಮಿಷ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಿದ್ದು 21ರ ಬೆಳಗ್ಗೆ 8 ಗಂಟೆ 26 ನಿಮಿಷಕ್ಕೆ. ಎರಡೂ ಹೊತ್ತಿನಲ್ಲಿ ಚಂದ್ರ ನಮ್ಮ ಕಾಲ ಕೆಳಗೆ, ಭೂಮಿಯ ಆಚೆ ಬದಿಗೆ. ಅದಕ್ಕೇ ನಡಿಗೆಯ ಟಿವಿ ಚಿತ್ರಗಳನ್ನು ಹಿಡಿದದ್ದು ಅಮೆರಿಕದ ಗೋಲ್ಡ್‌ಸ್ಟೋನ್ ಮತ್ತು ಆಸ್ಟ್ರೇಲಿಯಾದ ಹನಿಸಕಲ್ ಕ್ರೀಕ್, ಪಾರ್ಕ್ಸ್‌ನ ಆಂಟೆನಾಗಳು. 10 ಗಂಟೆ 41 ನಿಮಿಷಕ್ಕೆ ಇಬ್ಬರೂ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ನಮ್ಮಲ್ಲಿ ಚಂದ್ರ ಹುಟ್ಟಿದ್ದು ಹನ್ನೊಂದು ದಾಟಿದ ಮೇಲೆ. ಅವರ ನಡಿಗೆ ಪೂರ್ತಿ ನಮಗೆ ತಪ್ಪಿತು.

ಆದರೆ ಅವರು ಚಂದ್ರನನ್ನು ಬಿಟ್ಟು ಹೊರಟಿದ್ದು ಆ ದಿನ ರಾತ್ರಿ 11 ಗಂಟೆ 24 ನಿಮಿಷಕ್ಕೆ. ಅಂದರೆ ಸಂಜೆ ಅಪ್ಪ ಬೆರಳು ತೋರಿಸಿದಾಗ ಅವರು ಅಲ್ಲೇ ಇದ್ದರು. ಬೆಳಕು ಕತ್ತಲೆ ಕೂಡುವ ಗೆರೆಯ ಹತ್ತಿರ, ಆ ಪುಟ್ಟ ಡಬ್ಬಿಯೊಳಗೆ. ಅವರು ಮೇಲೇಳುವ ಹೊತ್ತಿಗೆ ದುರ್ಗದಲ್ಲಿ ಚಂದ್ರ ಕೋಟೆ ಬೆಟ್ಟದ ಹಿಂದೆ ಇಳಿಯುತ್ತಿದ್ದ. ನಾನು ಮಲಗಿಬಿಟ್ಟಿದ್ದೆ. ಅಪ್ಪ ಇನ್ನೂ ಅಂಗಳದಲ್ಲೇ ಕೂತಿದ್ದರು ಅಂತ ಅಮ್ಮ ಆಮೇಲೆ ಹೇಳಿದಳು.