ಜೈಲು ಕಂಡಿದ್ದ ನ್ಯಾಯಮೂರ್ತಿ

ಏಳೇ ಏಳು ಮತ. 1960ರ ಕೇರಳ ವಿಧಾನಸಭೆ ಚುನಾವಣೆಯಲ್ಲಿ ತಲಶ್ಶೇರಿಯಿಂದ ನಿಂತಿದ್ದ ವಿ.ಆರ್. ಕೃಷ್ಣ ಅಯ್ಯರ್ ಸೋತದ್ದು ಅಷ್ಟರಲ್ಲಿ. ಅವರು ಸುಮ್ನೆ ಕೂರಲಿಲ್ಲ. ತಕರಾರು ಅರ್ಜಿ ಹಾಕಿ ಗೆದ್ದು ಮತ್ತೆ ಶಾಸಕರಾದರು.

ತಲಶ್ಶೇರಿಯಲ್ಲಿ ವಕೀಲರಾಗಿದ್ದಾಗ ಅವರು ರೈತರ, ಕಾರ್ಮಿಕರ ಕೇಸು ಹಿಡಿಯುತ್ತಿದ್ದರು. ಕಮ್ಯುನಿಸ್ಟರಿಗೆ ನೆರವಾದ ಆರೋಪದ ಮೇಲೆ 1948ರಲ್ಲಿ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ, 1957ರಲ್ಲಿ ಕೇರಳ ವಿಧಾನಸಭೆಗೆ ಆರಿಸಿ ಬಂದರು. ಕಮ್ಯುನಿಸ್ಟ್ ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡ್ ಸಂಪುಟದಲ್ಲಿ ಕಾನೂನು, ಗೃಹದ ಜೊತೆ ಜೈಲು ಖಾತೆಯೂ ಸಿಕ್ಕಿತು. ಒಳಗಿದ್ದು ಬಂದವರ ಕೈಗೇ ಜೈಲಿನ ಆಡಳಿತ! 1959ರಲ್ಲಿ ಕೇಂದ್ರ ಆ ಸರ್ಕಾರವನ್ನೇ ವಜಾ ಮಾಡಿತು.

1965ರಲ್ಲಿ ಸೋತ ಮೇಲೆ ವಕೀಲಿಗೆ ಮರಳಿದರು. 1968ರಲ್ಲಿ ಕೇರಳ ಹೈಕೋರ್ಟ್, 1973ರಲ್ಲಿ ಸುಪ್ರೀಂ ಕೋರ್ಟ್. ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು ಜಡ್ಜ್ ಆಗೋದಾ ಅಂತ ವಕೀಲರಲ್ಲೇ ವಿರೋಧ ಎದ್ದಿತ್ತು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಅವರ ತೀರ್ಪುಗಳಲ್ಲಿದೆ.

ಜಾಸ್ತಿ ಜನಕ್ಕೆ ನೆನಪಿರುವುದು 1975ರ ಜೂನ್ 24. ತಮ್ಮ ಚುನಾವಣೆಯನ್ನು ಅಸಿಂಧು ಮಾಡಿದ ಅಲಹಾಬಾದ್ ಹೈಕೋರ್ಟ್ ತೀರ್ಪಿಗೆ ಇಂದಿರಾ ಗಾಂಧಿ ಪೂರ್ತಿ ತಡೆ ಕೇಳಿದ್ದರು. ಪ್ರಧಾನಿಯಾಗಿ ಮುಂದುವರಿಯಿರಿ, ಸಂಸತ್ತಿನಲ್ಲಿ ಮತ ಹಾಕುವಂತಿಲ್ಲ ಎಂದು ಅಯ್ಯರ್ ಷರತ್ತು ಹಾಕಿದರು. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು.

ನನಗೆ ಮಾತ್ರ 1978ರ ಒಂದು ಸಣ್ಣ ಕೇಸೇ ದೊಡ್ಡದು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತ್ತು. ಕೆಳಗಿನ ಕೋರ್ಟ್ 10,000 ರೂಪಾಯಿ ಶ್ಯೂರಿಟಿ ಕೇಳಿತು. ಅಣ್ಣತಮ್ಮನ ಶ್ಯೂರಿಟಿಯನ್ನೂ ಒಪ್ಪಲಿಲ್ಲ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ! ಅಯ್ಯರ್ ತೀರ್ಪಿನಲ್ಲಿ ನಮ್ಮವರನ್ನೂ ನೆನೆದರು. ದೂರದ ಬಸ್ತಾರ್‌ನಲ್ಲೋ ಚಾಂದನಿ ಚೌಕದಲ್ಲೋ ಒಬ್ಬ ಕನ್ನಡಿಗ ಸಿಕ್ಕಿಬಿದ್ದರೆ ಅವನಿಗೆ ಅಲ್ಲಿ ಶ್ಯೂರಿಟಿ ಕೊಡೋರು ಯಾರು ಎಂದು ಕೇಳಿದರು. ಗಾರೆಯವನನ್ನು 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದರು.

ಮರುವರ್ಷ ಕೊಡಗಿನ ಸಿ.ಬಿ. ಮುತ್ತಮ್ಮ ಅಯ್ಯರ್ ಮುಂದೆ ಬಂದರು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಬಡ್ತಿ ತಪ್ಪಿಸಿದರು ಎಂಬುದು ಅವರ ದೂರು. ಸೇವೆಯಲ್ಲಿರುವ ಹೆಣ್ಣು ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇತ್ತು. ಗಂಡಸಿಗೆ ಅದಿರಲಿಲ್ಲ. ಕೇಸು ಮುಗಿಯುವುದರೊಳಗೆ ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೂ ಅಯ್ಯರ್ ಆ ನಿಯಮವನ್ನು ತೀರ್ಪಿನಲ್ಲಿ ಕಟುವಾಗಿ ಖಂಡಿಸಿದರು. ಹೆಣ್ಣು ಗಂಡೆಂಬ ತಾರತಮ್ಯ ಇರುವ ಸೇವಾ ನಿಯಮಗಳನ್ನೆಲ್ಲ ತಿದ್ದಿ ಎಂದು ಸರ್ಕಾರಕ್ಕೆ ಹೇಳಿದರು.