ರಾಯಚೂರು ಕೋಟೆಯ ಗೋಡೆ ಯುದ್ಧದಲ್ಲೇ ಬಿತ್ತಾ?

ಪ್ರಶ್ನೆ: "ಸರ್, ನಮ್ಮೂರಿಗೆ ಎರಡು ಸುತ್ತಿನ ಕೋಟೆ ಇತ್ತು ಅಂತ ಓದಿದ್ದೇನೆ. ಈಗ ನೋಡಿದರೆ ಅಲ್ಲೊಂದು ದರ್ವಾಜ, ಇಲ್ಲೊಂದು ತುಂಡು ಗೋಡೆ, ಅಷ್ಟೇ. ಕೃಷ್ಣದೇವರಾಯನ ಯುದ್ಧದಲ್ಲಿ ಎಲ್ಲಾ ಉರುಳಿಹೋಯಿತು ಅಂತ ನಮ್ಮ ತಾತ ಹೇಳುತ್ತಿದ್ದರು. ನಿಜಾನಾ?"

ನಿಜ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯಲ್ಲಿ ಕೇಳುತ್ತಾರೆ, ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ ಕೇಳುತ್ತಾರೆ, ಶಾಲೆ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದರೆ ಜೊತೆಗೆ ಬಂದ ಮೇಷ್ಟ್ರೇ ಕೇಳುತ್ತಾರೆ. ಆದ್ದರಿಂದ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲು ಯುದ್ಧದ ವಿಷಯ. ರಾಯಚೂರು ಯುದ್ಧ ನಡೆದದ್ದು 1520ರ ಮೇ ತಿಂಗಳಲ್ಲಿ, ವಿಜಯನಗರದ ಕೃಷ್ಣದೇವರಾಯನಿಗೂ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ. ಎರಡು ದೊಡ್ಡ ಸೈನ್ಯಗಳು ಕೈ ಕೈ ಮಿಲಾಯಿಸಿದ್ದು ಊರೊಳಗೆ ಅಲ್ಲವೇ ಅಲ್ಲ. ಊರಿನ ಉತ್ತರಕ್ಕೆ, ಕೃಷ್ಣಾ ನದಿ ಕಡೆಯ ಬಯಲಿನಲ್ಲಿ. ಆದಿಲ್ ಶಾಹ ನದಿ ದಾಟಿ ಈಚೆಗೆ ಬಂದಿದ್ದ. ಸೋತ ಮೇಲೆ ಅವನ ಸೈನ್ಯ ಮತ್ತೆ ನದಿ ಕಡೆಗೇ ಓಡಿತು. ಊರೊಳಗಿನ ತೀನ್ ಕಂದಿಲ್ ವೃತ್ತದ ಹತ್ತಿರ ಆನೆಗಳು ನುಗ್ಗಿದವು, ಫಿರಂಗಿ ಹೊಡೆದು ಗೋಡೆ ಉರುಳಿಸಿದರು ಅನ್ನುವುದೆಲ್ಲ ನಾವು ಸಿನಿಮಾ ನೋಡಿ ಕಲ್ಪಿಸಿಕೊಂಡದ್ದು.

ಕೋಟೆಗೆ ಮುತ್ತಿಗೆ ಬಿದ್ದದ್ದು ನಿಜ. ಅದರ ವಿವರ ಕೂಡ ನಮಗೆ ಸಿಗುತ್ತದೆ. ಫೆರ್ನಾವ್ ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ಯುದ್ಧವಾಗಿ ಸುಮಾರು 15 ವರ್ಷ ಆದ ಮೇಲೆ ವಿಜಯನಗರದಲ್ಲಿದ್ದ. ಅಲ್ಲಿ ಕೇಳಿದ್ದನ್ನೆಲ್ಲ ಬರೆದಿಟ್ಟ. ಅವನು ಹೇಳುವ ಪ್ರಕಾರ ವಿಜಯನಗರದ ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳುತ್ತಿದ್ದರು. ಮೇಲಿನಿಂದ ಬಾಣ, ಗುಂಡು ಬೀಳುತ್ತಿತ್ತು. ಆದರೂ ಹೋಗಿ ಕಿತ್ತು ತಂದ ಒಂದೊಂದು ಕಲ್ಲಿಗೆ ನಾಯಕರು ದುಡ್ಡು ಕೊಡುತ್ತಿದ್ದರಂತೆ. ಹಣ ಅಂದರೆ ಆಗಿನ ಒಂದು ಚಿಕ್ಕ ಚಿನ್ನದ ನಾಣ್ಯ. ಕಲ್ಲಿನ ಗಾತ್ರ ನೋಡಿ 10 ಹಣ, 20 ಹಣ, ದೊಡ್ಡ ಕಲ್ಲಿಗೆ 50 ಹಣದವರೆಗೂ. ಹೀಗೆ ಕೆಲವು ಕಡೆ ಗೋಡೆ ಕುಸಿಯಿತು ಅಂತ ಅವನೇ ಬರೆದಿದ್ದಾನೆ. ಬಯಲಿನ ಯುದ್ಧ ಗೆದ್ದ ಮೇಲೆ ಕ್ರಿಸ್ತೋವಾವ್ ದ ಫಿಗೆರೆದು ಎಂಬ ಪೋರ್ಚುಗೀಸನ ಕಡೆಯ ಬಂದೂಕಿನವರು ಗೋಡೆ ಮೇಲೆ ನಿಂತವರಿಗೆ ಗುರಿಯಿಟ್ಟರು. ಕೋಟೆಯ ಮುಖ್ಯಸ್ಥನಾದ ಕಿಲ್ಲೇದಾರ ಬಗ್ಗಿ ನೋಡುವಾಗ ಗುಂಡು ತಗುಲಿ ಸತ್ತ. ಊರು ಶರಣಾಯಿತು.

ತಾತ ಹೇಳಿದ ಕತೆಗೆ ಬೇರು ಇದೇ. ಜನ ಇಷ್ಟು ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಮುಂದಿನ ಮಾತನ್ನು ಓದುವುದಿಲ್ಲ. ಗೆದ್ದ ರಾಜ ಊರೊಳಗೆ ಬಂದ, ಕೆಲವು ದಿನ ಉಳಿದ, ಒಡೆದ ಗೋಡೆಯನ್ನು ಸರಿ ಮಾಡಿಸಿದ, ಕಾವಲು ಇಟ್ಟು ಹೋದ ಅಂತ ಅದೇ ನೂನಿಜ್ ಹೇಳುತ್ತಾನೆ. ಸರಿ ಮಾಡಿಸದೆ ಇರುತ್ತಾನಾ ಹೇಳಿ. ಕೃಷ್ಣಾ, ತುಂಗಭದ್ರೆ ನಡುವಿನ ಈ ದೋಆಬಿಗಾಗಿ ಎರಡು ಕಡೆಯವರೂ ತಲೆತಲಾಂತರದಿಂದ ಹೊಡೆದಾಡಿದ್ದರು. ಕೈಗೆ ಸಿಕ್ಕ ಕೋಟೆಯನ್ನು ಮುರುಕಲಾಗಿ ಬಿಟ್ಟು ಹೋಗುವ ರಾಜ ಯಾರೂ ಇಲ್ಲ.

ಪುಸ್ತಕದ ಸಾಕ್ಷಿ ಬೇಡ ಅಂದರೆ ಕಣ್ಣಿನ ಸಾಕ್ಷಿಯೂ ಇದೆ. ಕೋಟೆಯೊಳಗಿನ ಪೇಟೆಯಲ್ಲಿ ಏಕ್ ಮಿನಾರ್ ಮಸೀದಿ ನಿಮಗೆಲ್ಲ ಗೊತ್ತೇ ಇದೆ. ಅದು ಕಟ್ಟಿದ್ದು 1513ರಲ್ಲಿ, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ. ಅಂದರೆ ಯುದ್ಧಕ್ಕಿಂತ 7 ವರ್ಷ ಮೊದಲು. ಎತ್ತರ 65 ಅಡಿ. ಮುತ್ತಿಗೆ ಹಾಕಿದವರ ಕಣ್ಣಿಗೆ ಗೋಡೆಯ ಆಚೆಯಿಂದಲೂ ಕಾಣಿಸಿರಲೇಬೇಕು. ಊರನ್ನೇ ನೆಲಸಮ ಮಾಡಿದ ಯುದ್ಧ ಅದಾಗಿದ್ದರೆ ಒಂಟಿಯಾಗಿ ನಿಂತ ಆ ಮಿನಾರು ಉಳಿಯುತ್ತಿತ್ತಾ? ಇವತ್ತಿಗೂ ನಿಂತಿದೆ. ಹತ್ತಿರ ಹೋಗಿ ಕತ್ತೆತ್ತಿ ನೋಡಿ. ಎರಡು ಅಂತಸ್ತು, ಕಿಟಕಿಗಳು, ಸುತ್ತ ಹೊರಚಾಚಿದ ಕಟ್ಟೆ, ಒಳಗೆ ಸುತ್ತಿ ಸುತ್ತಿ ಮೇಲೇರುವ ಮೆಟ್ಟಿಲು. 500 ವರ್ಷ ದಾಟಿದ ಕಟ್ಟಡ.

ಒಳಸುತ್ತಿನ ಗೋಡೆ ಇನ್ನೂ ಹಳೆಯದು. 1294ರದ್ದು. ಕಾಕತೀಯ ರಾಣಿ ರುದ್ರಮದೇವಿಯ ಕಡೆಯ ಗೋರೆ ಗನ್ನಯ್ಯ ರೆಡ್ಡಿ, ಅವನ ಕೈಕೆಳಗಿನ ವಿಠಲನಾಥ ಇದನ್ನು ಕಟ್ಟಿಸಿದರು. ಅದನ್ನು ಹೇಳುವ ಶಾಸನ ಪಶ್ಚಿಮದ ಗೋಡೆಯಲ್ಲೇ ಇದೆ. ಆ ಕಲ್ಲಿನ ಉದ್ದ 41 ಅಡಿಗಿಂತ ಜಾಸ್ತಿ. ಒಂದೇ ಕಲ್ಲು. ಬಹಳ ಜನ ಅದರ ಮುಂದೆ ಓಡಾಡಿಯೂ ನೋಡಿರುವುದಿಲ್ಲ, ಗೋಡೆಯ ಒಂದು ಸಾಲು ಅಂದುಕೊಂಡು ಮುಂದೆ ಹೋಗುತ್ತಾರೆ. ನಾನು ಮಕ್ಕಳನ್ನು ಕರೆದೊಯ್ದರೆ ಮೊದಲು ಈ ತುದಿಯಿಂದ ಆ ತುದಿಗೆ ನಡೆಸುತ್ತೇನೆ. ಆಮೇಲೆ ಪಕ್ಕದಲ್ಲಿ ಗೀರಿದ ಚಿತ್ರ ತೋರಿಸುತ್ತೇನೆ. ಇದೇ ಕಲ್ಲನ್ನು ಬಂಡಿ ಮೇಲೆ ಹೇರಿಕೊಂಡು ತರುತ್ತಿರುವ ಚಿತ್ರ ಅದು. ಮುಂದೆ ಉದ್ದಕ್ಕೆ ಕೋಣಗಳ ಸಾಲು, ಹಿಂದೆ ಸನ್ನೆಗೋಲು ಹಾಕಿ ಗಾಲಿ ನೂಕುತ್ತಿರುವ ಆಳುಗಳು. ರಾಜನ ಹೊಗಳಿಕೆ ಕೆತ್ತಿದ ಶಾಸನ ಬೇಕಾದಷ್ಟು ಸಿಗುತ್ತವೆ. ಕಲ್ಲು ಹೊತ್ತವರ ಬೆವರು ಕೆತ್ತಿದ್ದು ಅಪರೂಪ. ಇದು ನಮ್ಮೂರಿನಲ್ಲಿದೆ ಅನ್ನುವುದು ನನಗಂತೂ ದೊಡ್ಡ ಹೆಮ್ಮೆ.

ಈ ಒಳಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂರುವ ಹಾಗೆ ತಿದ್ದಿ ಜೋಡಿಸಿದ್ದಾರೆ. ಸಂದಿಯಲ್ಲಿ ಉಗುರು ಹೋಗುವುದೂ ಕಷ್ಟ. 1520ರ ಮುತ್ತಿಗೆಯನ್ನು ಇದು ಕಂಡಿದೆ. ಇದರ ಹೊರಗೆ ಬಹಮನಿ, ಆದಿಲ್ ಶಾಹಿಗಳ ಕಾಲದ ಹೊರಸುತ್ತು. ನವರಂಗ ದರ್ವಾಜ, ಮೆಕ್ಕಾ ದರ್ವಾಜ, ಕಾಟೆ ದರ್ವಾಜ, ಖಂದಕ ದರ್ವಾಜ, ದೊಡ್ಡಿ ದರ್ವಾಜ ಈ ಸುತ್ತಿನವು.

ಯುದ್ಧ ಮುಗಿದ ಮೇಲಿನ ಕತೆಯನ್ನೂ ನೋಡಿ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಮರು ವರ್ಷವೇ ಆದಿಲ್ ಶಾಹ ರಾಯಚೂರನ್ನು ಮತ್ತೆ ಹಿಡಿದ. ವಿಜಯಪುರದವರು ಕೊತ್ತಲ, ಗೋಡೆ ರಿಪೇರಿ ಮಾಡಿಸುತ್ತ ಬಂದರು. 1686ರಲ್ಲಿ ವಿಜಯಪುರ ಔರಂಗಜೇಬನ ಪಾಲಾಯಿತು. ಆಮೇಲೆ ನಿಜಾಮರು. ನಡುವೆ 1853ರಿಂದ 1860ರವರೆಗೆ ಈ ದೋಆಬು ಬ್ರಿಟಿಷರ ಕೈಯಲ್ಲಿತ್ತು, ಮತ್ತೆ ನಿಜಾಮರಿಗೆ ವಾಪಸ್ ಬಂತು. 1520ರಲ್ಲೇ ಎಲ್ಲಾ ಮಣ್ಣುಪಾಲಾಗಿದ್ದರೆ ಇಷ್ಟು ಜನ, ಇಷ್ಟು ವರ್ಷ, ಯಾವ ಕೋಟೆಗಾಗಿ ಬಡಿದಾಡಿದರು?

ಹಾಗಾದರೆ ಗೋಡೆ ಎಲ್ಲಿ ಹೋಯಿತು? ಕೇಳಲು ಬೇಜಾರಾಗುತ್ತದೆ, ಆದರೂ ಹೇಳಬೇಕು. ಶಾಂತಿ ಕಾಲದಲ್ಲಿ ಹೋಯಿತು. 1871ರಲ್ಲಿ ಮುಂಬೈ ಕಡೆಯ ರೈಲು ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲೇ ಬಂದು ಕೂಡಿದವು. ಸ್ಟೇಷನ್ ಆದದ್ದು ಕೋಟೆಯ ಹೊರಗೆ. ವ್ಯಾಪಾರ ಆ ಕಡೆ ಹರಿಯಿತು. ಹತ್ತಿ ಜಿನ್ನಿಂಗ್, ಎಣ್ಣೆ ಮಿಲ್ಲು, ಆಮೇಲೆ ಅಕ್ಕಿ ಮಿಲ್ಲು, ಗಂಜು. ಊರು ಗೋಡೆ ದಾಟಿ ಬೆಳೆಯಿತು. ಒಳಗಿನವರಿಗೆ ಹೊರಗೆ ಬರಲು ದಾರಿ ಬೇಕಾಯಿತು. ಬಂಡಿ ಹೋಗುತ್ತಿದ್ದ ದರ್ವಾಜದಲ್ಲಿ ಲಾರಿ ಹೋಗಲಿಲ್ಲ. ಅಲ್ಲಲ್ಲಿ ಗೋಡೆ ಒಡೆದು ರಸ್ತೆ ಮಾಡಿದರು. ಖಂದಕದಲ್ಲಿ ಕಸ ಬಿತ್ತು, ಮಣ್ಣು ಬಿತ್ತು, ಅದರ ಮೇಲೆ ಅಂಗಡಿ ಬಂತು. ಕಿತ್ತ ಕಲ್ಲು ಯಾರದೋ ಮನೆಯ ಬುನಾದಿಗೆ, ಯಾರದೋ ಕಟ್ಟೆಗೆ, ಯಾರದೋ ಬಾವಿಗೆ ಹೋಯಿತು. ಗೋಡೆಗೆ ಒರಗಿಸಿ ಮನೆ ಕಟ್ಟಿಕೊಂಡವರಿಗೆ ಒಂದು ಗೋಡೆಯ ಖರ್ಚು ಉಳಿಯಿತು.

ನಂಬಿಕೆ ಇಲ್ಲವಾದರೆ ಒಂದು ಬೆಳಿಗ್ಗೆ ಬಿಸಿಲು ಏರುವ ಮೊದಲು ಗೋಡೆಯ ಗುಂಟ ನಡೆಯಿರಿ. ಗೋಡೆ ತುಂಡಾದ ಕಡೆ ನಿಂತು ಎರಡೂ ಬದಿ ನೋಡಿ. ರಸ್ತೆಯೋ, ಸಂದಿಯೋ, ಯಾರದಾದರೂ ಹಿತ್ತಲೋ ಕಾಣುತ್ತದೆ. ಮುತ್ತಿಗೆ ಹಾಕಿದ ಸೈನ್ಯ ಎರಡು ಲಾರಿ ಎದುರುಬದುರಾಗಿ ಹೋಗುವಷ್ಟೇ ಅಗಲಕ್ಕೆ, ಅಷ್ಟು ನೇರವಾಗಿ ಗೋಡೆ ಒಡೆಯುವುದಿಲ್ಲ. ಪಕ್ಕದ ಹಳೇ ಮನೆಗಳ ಬುಡವನ್ನೂ ನೋಡಿ. ಮೇಲೆ ಸಿಮೆಂಟು, ಕೆಳಗೆ ಒಂದು ಸಾಲು ಮಾತ್ರ ಆಳೆತ್ತರದ ತಿದ್ದಿದ ಕಲ್ಲು ಇದ್ದರೆ ಅದು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಈ ತಪ್ಪು ಕತೆ ಯಾಕೆ ಸಾಯುವುದಿಲ್ಲ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಯುದ್ಧದ ಮೇಲೆ ಹಾಕಿದರೆ ಯಾರಿಗೂ ನೋವಾಗುವುದಿಲ್ಲ. 500 ವರ್ಷದ ಹಿಂದಿನ ಸೈನಿಕ ಬಂದು ಉತ್ತರ ಕೊಡುವುದಿಲ್ಲ. ನಮ್ಮ ಓಣಿಯವರೇ, ನಮ್ಮ ಅಜ್ಜನ ಕಾಲದಲ್ಲೇ ಅಂದರೆ ಮುಖ ಮುಖ ನೋಡಬೇಕಾಗುತ್ತದೆ. ಆ ಅಜ್ಜಂದಿರ ಮೇಲೆ ನನಗೆ ಸಿಟ್ಟಿಲ್ಲ. ಮನೆ ಕಟ್ಟಲು ಕಲ್ಲು ಬೇಕಿತ್ತು, ಕಲ್ಲು ಎದುರಿಗೇ ಬಿದ್ದಿತ್ತು. ಆದರೆ ಯುದ್ಧದ ಕತೆ ನಂಬಿ ಕೂತರೆ ಇನ್ನೊಂದು ತೊಂದರೆ ಇದೆ. "ಯಾವತ್ತೋ ಹೋದದ್ದು, ಈಗೇನು ಮಾಡೋದು" ಅನ್ನುತ್ತೇವೆ. ಇವತ್ತು ಮಧ್ಯಾಹ್ನ ಕೀಳುತ್ತಿರುವ ಕಲ್ಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕೆಲವರು ಇನ್ನೂ ಒಂದು ಕೇಳುತ್ತಾರೆ: ಊರಿನ ನೋಟ ಮೊದಲು ಹೇಗಿತ್ತು? ಇದಕ್ಕೆ ಉತ್ತರ ಚಿಕ್ಕದು. ಬೆಟ್ಟ ಮೇಲೆ, ಊರು ಕೆಳಗೆ. ಬಾಲಾ ಹಿಸ್ಸಾರ್, ಅಂದರೆ ಮೇಲಿನ ಕೋಟೆ ಇರುವ ಬೆಟ್ಟ ಬಯಲಿನಿಂದ ಸುಮಾರು 290 ಅಡಿ ಎತ್ತರ. ಅದರ ಬುಡದಲ್ಲಿ ಚಪ್ಪಟೆ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳು, ಬಹುತೇಕ ಒಂದೇ ಮಟ್ಟದಲ್ಲಿ. ಆ ಮಟ್ಟದ ಮೇಲೆ ಎದ್ದು ಕಾಣುತ್ತಿದ್ದದ್ದು ಮಿನಾರು, ಕೊತ್ತಲ, ದರ್ವಾಜದ ತಲೆ. ಈಗಿನ ಸ್ಲ್ಯಾಬಿನ ಮನೆಗೆ ಒಂದು ಅಂತಸ್ತಿಗೆ ಹತ್ತಡಿ ಲೆಕ್ಕ ಹಾಕಿ. ಆರೇಳು ಅಂತಸ್ತಿನ ಒಂದು ಲಾಡ್ಜು ಎದ್ದರೆ ಏಕ್ ಮಿನಾರಿನ ಎತ್ತರ ಮುಗಿಯಿತು. ಮೇಲೆ ಟವರು, ಕೆಳಗೆ ಫ್ಲೆಕ್ಸು. ಅಂತಸ್ತು ಕಟ್ಟುವುದು ತಪ್ಪು ಅನ್ನುತ್ತಿಲ್ಲ. ಮಿನಾರಿನ ಎದುರಿಗೇ, ಬೆಟ್ಟಕ್ಕೆ ಅಡ್ಡವಾಗಿಯೇ ಕಟ್ಟಬೇಕಿತ್ತಾ ಅಂತ ಕೇಳುತ್ತಿದ್ದೇನೆ.

ಮಾಳಿಗೆ ಮನೆ ಅಂದೆನಲ್ಲ, ಯಾರೂ ಕೇಳದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೋಟೆ ಹೋಯಿತು ಅಂತ ಮರುಗುವವರು ಆ ಮನೆಗಳು ಹೋಗುತ್ತಿರುವುದನ್ನು ಗಮನಿಸುವುದಿಲ್ಲ. ಗೇಣುಗಟ್ಟಲೆ ದಪ್ಪದ ಕಲ್ಲು ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ತಲೆಬಾಗಿಲು ದಾಟಿದರೆ ಪಡಸಾಲೆ, ಗೋಡೆಯಲ್ಲಿ ದೀಪ ಇಡಲು ಗೂಡು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಆ ಪಡಸಾಲೆಯಲ್ಲಿ ಮಲಗಿದವರಿಗೆ ಗೊತ್ತು ಅದರ ಸುಖ. "ಹಳೇದು, ಬೀಳೋ ಹಾಗಿತ್ತು, ಕೆಡವಿದ್ವಿ" ಅನ್ನುತ್ತಾರೆ. ನಾನು ಒಳಗೆ ಹೋಗಿ ನೋಡಿದ ಮನೆಗಳಲ್ಲಿ ಗೋಡೆ ಗಟ್ಟಿಯಾಗಿಯೇ ಇತ್ತು. ಸೋತದ್ದು ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸವುಳು (ಕ್ಷಾರದ) ಮಣ್ಣು ತಂದು ಹರಡಿ ಬಡಿಯಬೇಕು. ಆ ಕೆಲಸ ಮಾಡುವವರು ಕಡಿಮೆಯಾದರು. ನೀರು ಇಳಿಯಿತು, ಜಂತಿ ಕೊಳೆಯಿತು. ಅಷ್ಟರಲ್ಲಿ ಅಣ್ಣ ತಮ್ಮಂದಿರ ಹಿಸ್ಸೆ ಆಯಿತು. ಒಂದು ಪಡಸಾಲೆಯನ್ನು ಮೂರು ಪಾಲು ಮಾಡಿದ ಮೇಲೆ ಮನೆ ಉಳಿಯುವುದು ಹೇಗೆ? ರಸ್ತೆ ಬದಿಯಾದರೆ ಕೆಳಗೆ ಶಟರ್ ಹಾಕಿ ಬಾಡಿಗೆ ಬರುತ್ತದೆ. ಜೆಸಿಬಿ ಬಂದರೆ ಒಂದು ದಿನದ ಕೆಲಸ. ತೊಲೆ, ಬಾಗಿಲು ಹಳೇ ಕಟ್ಟಿಗೆ ವ್ಯಾಪಾರಿಗೆ.

ಕೆಡವಬೇಡಿ ಅಂತ ಎಲ್ಲರಿಗೂ ಹೇಳಲು ನನಗೆ ಹಕ್ಕಿಲ್ಲ, ಸಂಸಾರ ನಡೆಸುವವರು ಅವರು. ಕೆಡವುವ ಮುಂಚೆ ಒಂದು ದಿನ ಕೊಡಿ ಅಂತ ಕೇಳಬಲ್ಲೆ. ಫೋನಿನಲ್ಲಿ ಮುಂದಿನ ಗೋಡೆ, ತಲೆಬಾಗಿಲು, ಬೆಳಕಿಂಡಿ, ಜಂತಿಯ ಸಾಲು ತೆಗೆಯಿರಿ. ಟೇಪು ಹಿಡಿದು ಪಡಸಾಲೆಯ ಉದ್ದಗಲ, ಗೋಡೆಯ ದಪ್ಪ ಬರೆದುಕೊಳ್ಳಿ. ಫೋಟೋ ಹಿಂದೆ ಓಣಿಯ ಹೆಸರು, ದಿನ ಇರಲಿ. ಮನೆಯಲ್ಲಿ ಹಿರಿಯರು ಇದ್ದರೆ ಯಾರು ಕಟ್ಟಿಸಿದ್ದು, ಮರ ಎಲ್ಲಿಂದ ತಂದದ್ದು ಅಂತ ಕೇಳಿ ಅವರ ಮಾತನ್ನೇ ರೆಕಾರ್ಡ್ ಮಾಡಿ.

ಇನ್ನೂ ಒಂದು ಕೆಲಸ ಇದೆ, ಇದನ್ನು ಯಾರೂ ಮಾಡುತ್ತಿಲ್ಲ. ಟ್ರಂಕಿನಲ್ಲಿರುವ ಹಳೇ ಖರೀದಿ ಪತ್ರ ತೆಗೆಯಿರಿ. ಅದರಲ್ಲಿ ಚಕ್ಕುಬಂದಿ ಬರೆದಿರುತ್ತಾರೆ, ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು ಅಂತ. ನಿಮ್ಮ ಮನೆ ಕೋಟೆಗೆ ಅಂಟಿಕೊಂಡದ್ದಾಗಿದ್ದರೆ ಗೋಡೆಯೋ ಖಂದಕವೋ ಎಲ್ಲಿತ್ತು ಅಂತ ಆ ಸಾಲಿನಲ್ಲೇ ಸಿಗಬಹುದು, ಪತ್ರದ ಇಸವಿ ಸಮೇತ. ಯುದ್ಧದಲ್ಲಿ ಬಿತ್ತು ಅನ್ನುವವರ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 1948ಕ್ಕಿಂತ ಹಿಂದಿನ, ಅಂದರೆ ನಿಜಾಮರ ಕಾಲದ ಪತ್ರವಾದರೆ ಉರ್ದುವಿನಲ್ಲಿರುವ ಸಾಧ್ಯತೆ ಜಾಸ್ತಿ. ನಿಮಗೆ ಓದಲು ಬಾರದಿದ್ದರೆ ಎಸೆಯಬೇಡಿ. ಹಳೇ ಪೇಟೆಯಲ್ಲಿ ಆ ಕೈಬರಹ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಮಳೆಗಾಲದೊಳಗೆ ಹೋಗಿ ಓದಿಸಿ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬರೆದುಕೊಳ್ಳಿ.